ಮಸಾಲೆ ಹಚ್ಚಿದ ಬೀಫ್ ಪ್ಯಾಕ್ ತಂದು ಇದ್ದಿಲ ಮೇಲೆ ಸುಟ್ಟೆ, ಚಪ್ಪಲಿ ಆಯ್ತು. ತಪ್ಪು ನನ್ನದಾ, ಪ್ಯಾಕ್‌ದಾ?

ಕಮ್ಮನಹಳ್ಳಿ ತಾರಸಿ
ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರದ ಸಂಕಟ ಹೇಳಿಕೊಳ್ಳುತ್ತೇನೆ, ನಗಬೇಡಿ.

ತಮ್ಮನ ಹುಟ್ಟುಹಬ್ಬ, ಎಂಟು ಜನ. ತಾರಸಿಯಲ್ಲಿ ಇದ್ದಿಲು ಹೊತ್ತಿಸಿ ಏನಾದರೂ ಸುಡೋಣ ಅಂತ ನಾನೇ ಬಾಯಿ ಬಿಟ್ಟೆ. ಮಸಾಲೆ ಅರೆಯಲು ಸೋಮಾರಿತನ. ಮನೆ ಹತ್ತಿರದ ಕೋಲ್ಡ್ ಸ್ಟೋರೇಜ್ ಅಂಗಡಿಗೆ ಹೋದೆ. ಫ್ರೀಜರ್ ತುಂಬಾ 'ಗ್ರಿಲ್‌ಗೆ ರೆಡಿ' ಅಂತ ಬರೆದ ಬೀಫ್ ಪ್ಯಾಕ್‌ಗಳು. ಕೆಂಪಗೆ ಮಸಾಲೆ ಹಚ್ಚಿ ಬಿಗಿಯಾಗಿ ಪ್ಲಾಸ್ಟಿಕ್ ಸುತ್ತಿದ್ದರು. ಅರ್ಧ ಕೆಜಿಗೆ 349 ರೂಪಾಯಿ, ಎರಡು ತಗೊಂಡರೆ 599. ನಾಲ್ಕು ತಂದೆ.

ಐದು ನಿಮಿಷಕ್ಕೆ ಹೊರಗೆ ಕರಿ ಇದ್ದಿಲು. ಮಾಂಸ ಯಾವುದು, ಇದ್ದಿಲು ಯಾವುದು ಗೊತ್ತಾಗದ ಹಾಗೆ. ಕುಯ್ದು ನೋಡಿದರೆ ಒಳಗೆ ಇನ್ನೂ ತಣ್ಣಗೆ. ಮತ್ತೆ ಇಟ್ಟೆ. ಅರ್ಧ ಗಂಟೆ ಆದ ಮೇಲೆ ಬೆಂದಿತ್ತು, ಆದರೆ ಅಗಿಯಲು ಆಗುತ್ತಿರಲಿಲ್ಲ. ಯಾರೂ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಬೇಜಾರು. ನಮ್ಮ ದೊಡ್ಡಪ್ಪ ಒಂದು ತುಂಡನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಹತ್ತು ನಿಮಿಷ ರಾಜಕೀಯ ಮಾತಾಡಿದರು. ಬೆಳಿಗ್ಗೆ ನೀರು ಹಾಕಲು ಹೋದರೆ ಕರಿಬೇವಿನ ಕುಂಡದಲ್ಲಿ ಆ ತುಂಡು ಸಿಕ್ಕಿತು.

ಒಂದು ಪ್ಯಾಕ್ ಇನ್ನೂ ಫ್ರೀಜರ್‌ನಲ್ಲಿದೆ. ಅದನ್ನು ಏನು ಮಾಡಲಿ? ಇಂಥ ಅಗ್ಗದ ಪ್ಯಾಕ್ ಯಾರಾದರೂ ತಂದು ಸರಿಯಾಗಿ ಸುಟ್ಟಿದ್ದೀರಾ?

ಸಂಜೆ ಹೊಗೆ
ದೊಡ್ಡಪ್ಪ ದೊಡ್ಡ ಮನುಷ್ಯರು. ಪ್ಯಾಕ್ ಹಿಂದೆ ಏನು ಬರೆದಿದೆ? ಅದನ್ನು ಟೈಪ್ ಮಾಡಿ ಹಾಕಿ ಮೇಡಂ, ಆಮೇಲೆ ಮಾತಾಡೋಣ.

ಕಮ್ಮನಹಳ್ಳಿ ತಾರಸಿ
ಕನ್ನಡಕ ಹಾಕಿಕೊಂಡು ಓದಿದೆ. ಇದೇ ಕ್ರಮದಲ್ಲಿ ಇದೆ: ಎಮ್ಮೆ ಮಾಂಸ, ನೀರು, ಎಣ್ಣೆ, ಮೆಣಸಿನ ಪುಡಿ, ಸಕ್ಕರೆ, ಉಪ್ಪು, ಶುಂಠಿ, ಬೆಳ್ಳುಳ್ಳಿ, ಸೋಯಾ ಪ್ರೋಟೀನ್, ಐಎನ್‌ಎಸ್ 451, ಐಎನ್‌ಎಸ್ 330, ಐಎನ್‌ಎಸ್ 160ಸಿ. ಯಾವ ಭಾಗದ ಮಾಂಸ ಅಂತ ಎಲ್ಲೂ ಇಲ್ಲ. ಮುಂದೆ ದೊಡ್ಡಕ್ಷರದಲ್ಲಿ 'ರೋಸ್ಟ್' ಅಂತ ಮಾತ್ರ ಇದೆ.

ಲೇಬಲ್ ಓದುವವಳು
ನಾನು ಒಂಬತ್ತು ವರ್ಷ ಪ್ಯಾಕ್ ಮಾಡಿದ ಆಹಾರದ ಗುಣಮಟ್ಟ ನೋಡುವ ಕೆಲಸದಲ್ಲಿದ್ದೆ. ನಿಮ್ಮ ಪಟ್ಟಿಯಲ್ಲೇ ಅರ್ಧ ಉತ್ತರ ಇದೆ.

ನಮ್ಮಲ್ಲಿ ಪದಾರ್ಥಗಳನ್ನು ತೂಕದ ಲೆಕ್ಕದಲ್ಲಿ ಬರೆಯಬೇಕು, ಜಾಸ್ತಿ ಇರುವುದು ಮೊದಲು. ನಿಮ್ಮ ಪ್ಯಾಕ್‌ನಲ್ಲಿ ಮಾಂಸ ಆದ ತಕ್ಷಣ ನೀರು. ಎಣ್ಣೆ, ಮೆಣಸಿನ ಪುಡಿ ಎಲ್ಲ ಅದರ ಹಿಂದೆ. ಅಂದರೆ ಮಸಾಲೆ ಅಂತ ಕಾಣುತ್ತಿರುವುದರಲ್ಲಿ ನೀರಿನದೇ ದೊಡ್ಡ ಪಾಲು. ಐಎನ್‌ಎಸ್ ಅಂದರೆ ಆಹಾರಕ್ಕೆ ಸೇರಿಸುವ ಪದಾರ್ಥಗಳಿಗೆ ಕೊಟ್ಟ ನಂಬರ್. 451 ಅನ್ನುವುದು ಟ್ರೈಫಾಸ್ಫೇಟ್. ಹೆದರಬೇಡಿ, ವಿಷ ಅಲ್ಲ. ಮಾಂಸದ ನಾರು ನೀರನ್ನು ಬಿಡದೆ ಹಿಡಿದುಕೊಳ್ಳಲಿ ಅಂತ ಹಾಕುತ್ತಾರೆ. ಮಿತಿಯಲ್ಲಿದ್ದರೆ ಸುಡುವಾಗ ಒಣಗುವುದು ಕಮ್ಮಿ ಆಗುತ್ತದೆ. ಆದರೆ ತಕ್ಕಡಿಯಲ್ಲಿ ಆ ನೀರಿಗೂ ಮಾಂಸದ ರೇಟೇ ಬೀಳುತ್ತದೆ ಅಲ್ವಾ. 330 ಅಂದರೆ ಸಿಟ್ರಿಕ್ ಆಸಿಡ್, ನಿಂಬೆಯ ಹುಳಿ. 160ಸಿ ಕೆಂಪು ಮೆಣಸಿನಿಂದ ತೆಗೆದ ಬಣ್ಣ. ಆ ಕೆಂಪು ನಿಮ್ಮ ಮೆಣಸಿನ ಪುಡಿಯದ್ದಷ್ಟೇ ಅಲ್ಲ.

ಕರಕಲಿಗೆ ಕಾರಣ ಸಕ್ಕರೆ. ಉಪ್ಪಿಗಿಂತ ಮುಂಚೆ ಸಕ್ಕರೆ ಬಂದಿದೆ ನೋಡಿ. ಜೋರು ಕೆಂಡದ ಮೇಲೆ ಇಟ್ಟ ತಕ್ಷಣ ಅದು ಕಂದಾಗಿ, ಕಪ್ಪಾಗಿ, ಕಹಿಯಾಗುತ್ತದೆ. ಒಳಗಿನ ಮಾಂಸಕ್ಕೆ ಅಷ್ಟರಲ್ಲಿ ಬಿಸಿಯೇ ತಾಗಿರುವುದಿಲ್ಲ. ನೀವು ಪೂರ್ತಿ ಕರಗದ ಪ್ಯಾಕ್ ಇಟ್ಟಿರಿ ಅಂತಲೂ ನನಗೆ ಅನುಮಾನ.

ಕಮ್ಮನಹಳ್ಳಿ ತಾರಸಿ
ಹೌದು. ಬೆಳಿಗ್ಗೆ ಸಿಂಕ್ ಪಕ್ಕ ಇಟ್ಟಿದ್ದೆ, ಮಧ್ಯಾಹ್ನಕ್ಕೂ ನಡುವೆ ಗಟ್ಟಿ ಇತ್ತು. ಆದದ್ದಾಗಲಿ ಅಂತ ಇಟ್ಟೆ.

ಲೇಬಲ್ ಓದುವವಳು
ಸಿಂಕ್ ಪಕ್ಕ ಬೇಡ ಅಕ್ಕ. ಹಿಂದಿನ ದಿನವೇ ಫ್ರಿಜ್‌ನ ಕೆಳಗಿನ ತಟ್ಟೆಗೆ ಇಳಿಸಿ. ಹೊರಗಿಟ್ಟರೆ ಮೇಲಿನ ಪದರ ಗಂಟೆಗಟ್ಟಲೆ ಬೆಚ್ಚಗಿರುತ್ತದೆ, ನಡುವೆ ಮಾತ್ರ ಮಂಜುಗಡ್ಡೆ. ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ಅದು ಹೊಟ್ಟೆಗೆ ಕರೆದು ತರುವ ಕಷ್ಟ.

ವೈಟ್‌ಫೀಲ್ಡ್‌ಗೆ ವಾಪಸ್
ನಾನು ಕ್ಯಾಲಿಫೋರ್ನಿಯಾದಲ್ಲಿ ಆರು ವರ್ಷ ಇದ್ದೆ. ಅಲ್ಲಿ ಇದೇ ಥರದ ಪ್ಯಾಕ್ ತಂದು ವಾರ ವಾರ ಸುಡುತ್ತಿದ್ದೆವು, ಯಾವತ್ತೂ ಕೈ ಕೊಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಲ್ಲಿ ಟ್ರೈ-ಟಿಪ್ ಅನ್ನುವ ಒಂದು ತುಂಡು ಸಿಗುತ್ತದೆ. ಸೊಂಟದ ಕೆಳಭಾಗದ್ದು, ಮೂರು ಮೂಲೆ ಇರುತ್ತದೆ, ಒಂದೊಂದು ಸುಮಾರು ಒಂದು ಕೆಜಿ. ಸಾಂಟಾ ಮರಿಯಾ ಅನ್ನುವ ಊರಿನ ಕಡೆ ಅದನ್ನು ಕೆಂಪು ಓಕ್ ಮರದ ಕೆಂಡದ ಮೇಲೆ ಸುಡುವುದು ಊರಿಗೇ ಹೆಸರು ತಂದಿದೆ. ಉಪ್ಪು, ಮೆಣಸು, ಬೆಳ್ಳುಳ್ಳಿ ಬಿಟ್ಟರೆ ಬೇರೆ ಏನೂ ಹಾಕುವುದಿಲ್ಲ. ಅದನ್ನೇ ದಿನಸಿ ಅಂಗಡಿಯವರು ಮಸಾಲೆ ಹಚ್ಚಿ ಚೀಲದಲ್ಲಿ ಕಟ್ಟಿ ಮಾರುತ್ತಾರೆ. ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇ, ಜುಲೈ 4, ಆ ಹೊತ್ತಿಗೆ ರೇಟ್ ಇಳಿಸುತ್ತಾರೆ. ಆಗ ನಾಲ್ಕೈದು ತಂದು ಫ್ರೀಜರ್‌ಗೆ ಹಾಕುತ್ತಿದ್ದೆ.

ಅಲ್ಲೂ ನೀರು ತುಂಬುತ್ತಾರೆ. ಆದರೆ 2016ರಿಂದ ಹಸಿ ಮಾಂಸಕ್ಕೆ ದ್ರಾವಣ ಸೇರಿಸಿದ್ದರೆ ಶೇಕಡಾ ಎಷ್ಟು ಅಂತ ಹೆಸರಿನ ಜೊತೆಯಲ್ಲೇ ಬರೆಯಬೇಕು. ಸೂಜಿ, ಬ್ಲೇಡ್ ಚುಚ್ಚಿ ಮೆದು ಮಾಡಿದ ಬೀಫ್ ಆದರೆ ಅದನ್ನೂ ಹೇಳಬೇಕು, ಅದೂ ಅದೇ ವರ್ಷದಿಂದ. ನಾನು ಆ ಶೇಕಡಾ ನೋಡಿಯೇ ಆರಿಸುತ್ತಿದ್ದೆ.

ವಾಪಸ್ ಬಂದ ಮೇಲೆ ಇಲ್ಲಿ ಅದೇ ಥರ ಮಾಡಲು ಹೋದೆ. ಜೋರು ಕೆಂಡದ ಮೇಲೆ ಎರಡೂ ಕಡೆ ಬಾಡಿಸಿ, ಬದಿಗೆ ಸರಿಸಿ, ನಡು ಭಾಗ ಇನ್ನೂ ಗುಲಾಬಿ ಬಣ್ಣ ಇರುವಾಗ ತೆಗೆದೆ. ಸರ್, ರಬ್ಬರ್! ಸಾಮಾನು ಅದೇ, ಕೈ ಅದೇ. ಯಾಕೆ ಅಂತ ಇವತ್ತಿಗೂ ಗೊತ್ತಾಗಿಲ್ಲ.

ಶಿವಾಜಿನಗರದವನು
ಗೊತ್ತಾಗದಿರಲು ಏನಿದೆ ಗುರು? ಪ್ರಾಣಿ ಬೇರೆ.

ನಮ್ಮ ಅಪ್ಪನಿಗೆ ರಸೆಲ್ ಮಾರ್ಕೆಟ್ ಹತ್ತಿರ ಮಾಂಸದ ಅಂಗಡಿ ಇತ್ತು, ನಾನು ಹತ್ತನೇ ಕ್ಲಾಸಿನವರೆಗೂ ಭಾನುವಾರ ಅಲ್ಲೇ ಕೂರುತ್ತಿದ್ದೆ. ಅಮೆರಿಕದಲ್ಲಿ ನೀವು ತಿಂದಿದ್ದು ಮಾಂಸಕ್ಕೆ ಅಂತಲೇ ಸಾಕಿದ ಎಳೆ ದನ. ಹೆಚ್ಚೆಂದರೆ ಎರಡು ವರ್ಷದ್ದು, ಕೊನೆಯ ತಿಂಗಳುಗಳಲ್ಲಿ ಜೋಳ ತಿನ್ನಿಸಿ ಕೊಬ್ಬಿಸಿರುತ್ತಾರೆ. ಇಲ್ಲಿ ಕರ್ನಾಟಕದಲ್ಲಿ 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಹಸು, ಎತ್ತು, ಕರು ಯಾವುದನ್ನೂ ಕಡಿಯುವ ಹಾಗಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ, ಅದೂ ಪಶುವೈದ್ಯರ ಸರ್ಟಿಫಿಕೇಟ್ ಆದ ಮೇಲೆ. ಹಾಗಾಗಿ ನಮ್ಮೂರಲ್ಲಿ ಬೀಫ್ ಅಂದರೆ ಹತ್ತಾರು ವರ್ಷ ಹಾಲು ಕೊಟ್ಟ, ಗದ್ದೆ ಉತ್ತ ಎಮ್ಮೆ, ಕೋಣ. ನಡೆದು ನಡೆದು ಗಟ್ಟಿಯಾದ ಕಾಲು, ತೊಡೆ. ಅದನ್ನು ಗುಲಾಬಿ ಬಣ್ಣ ಇರುವಾಗ ತೆಗೆದರೆ ಹಲ್ಲೇ ಬರಬೇಕು ಹೊರಗೆ.

ಇನ್ನೊಂದು ವಿಷಯ. ಎಮ್ಮೆ ಮಾಂಸದ ಒಳಗೆ ಕೊಬ್ಬಿನ ಎಳೆ ತೀರಾ ಕಮ್ಮಿ. ಬಣ್ಣ ಕಡು, ಕೊಬ್ಬು ಬೆಳ್ಳಗೆ, ಅದೂ ಹೊರಗೇ ಇರುತ್ತದೆ. ಕೆಂಡದ ಮೇಲೆ ಕರಗಿ ಒಳಗೆ ತೇವ ಉಳಿಸಲು ಏನೂ ಇಲ್ಲ. ಬೇಗ ಒಣಗುತ್ತದೆ.

ಕೆಂಡಕ್ಕೆ ನೇರವಾಗಿ ಹಾಕಬೇಕು ಅಂದರೆ ಅಂಡರ್‌ಕಟ್ ಕೇಳಿ. ಬೆನ್ನುಮೂಳೆಯ ಕೆಳಗೆ, ಹೊಟ್ಟೆ ಕಡೆ ಇರುವ ಉದ್ದನೆ ಪಟ್ಟಿ. ಪ್ರಾಣಿ ಎಷ್ಟೇ ವಯಸ್ಸಾಗಿರಲಿ ಆ ಭಾಗಕ್ಕೆ ಕೆಲಸ ಇಲ್ಲ, ಅದಕ್ಕೆ ಮೆತ್ತಗಿರುತ್ತದೆ. ಒಂದು ಪ್ರಾಣಿಗೆ ಎರಡೇ ಪಟ್ಟಿ. ಬೆಳಿಗ್ಗೆ ಏಳೂವರೆ ಆದರೆ ಹೋಟೆಲಿನವರು ತಗೊಂಡು ಹೋಗಿರುತ್ತಾರೆ. ನಿಮ್ಮ ಪ್ಯಾಕ್‌ನಲ್ಲಿ ಭಾಗದ ಹೆಸರು ಇಲ್ಲ ಅಂದಿರಲ್ಲ, ಅಂಡರ್‌ಕಟ್ ಆಗಿದ್ದರೆ ದೊಡ್ಡಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು.

ಸಂಜೆ ಹೊಗೆ
ಕೊನೆಯ ಸಾಲಿಗೆ ನೂರು ಮಾರ್ಕ್.

ಬಸವನಗುಡಿ ಬೆಂಚು
ಆ ಕಾಯ್ದೆಯ ಬಗ್ಗೆ ಒಂದು ಮಾತು...

ನಿರ್ವಾಹಕ
ಬೇಡ ಸರ್. ಕಾಯ್ದೆ ಸರಿಯೋ ತಪ್ಪೋ ಅನ್ನುವುದಕ್ಕೆ ಬೇರೆ ಕಡೆ ಚರ್ಚೆ ಇದೆ, ಅಲ್ಲಿ ಮುನ್ನೂರು ಉತ್ತರ ಬಂದಿದೆ. ಇಲ್ಲಿ ಸುಟ್ಟ ಮಾಂಸ ಮಾತ್ರ.

ಬಸವನಗುಡಿ ಬೆಂಚು
ಸರಿ. ನಾನು ಹೇಗೂ ಬದನೆಕಾಯಿ ಸುಡುವವನು. ಓದುತ್ತಿರುತ್ತೇನೆ.

ಕಾಚಂಪುಳಿ
ಮಸಾಲೆ ಒಳಗೆ ಇಳಿಯುತ್ತದೆ ಅನ್ನುವ ನಂಬಿಕೆಯ ಮೇಲೇ ಈ ಪ್ಯಾಕ್‌ಗಳ ವ್ಯಾಪಾರ ನಿಂತಿದೆ. ಒಂದು ಸಲ ಪರೀಕ್ಷೆ ಮಾಡಿ. ರಾತ್ರಿಯಿಡೀ ಅರಿಶಿನ ಹಚ್ಚಿಟ್ಟ ದಪ್ಪ ತುಂಡನ್ನು ಬೆಳಿಗ್ಗೆ ಮಧ್ಯಕ್ಕೆ ಕುಯ್ಯಿರಿ. ಅಂಚಿನಲ್ಲಿ ಉಗುರಿನಷ್ಟು ಹಳದಿ, ಒಳಗೆ ಮೊದಲಿನ ಬಣ್ಣವೇ. ಮೆಣಸಿನ ಪುಡಿ, ಎಣ್ಣೆ, ಬೆಳ್ಳುಳ್ಳಿ ಎಲ್ಲ ಮೇಲೆಯೇ ಕೂರುತ್ತವೆ. ಉಪ್ಪು ಮಾತ್ರ ನಿಧಾನವಾಗಿ ನಡುವಿನವರೆಗೆ ಹೋಗುತ್ತದೆ. ಅದಕ್ಕೆ ಉಪ್ಪು ಹಿಂದಿನ ರಾತ್ರಿ, ಉಳಿದ ಮಸಾಲೆ ಸುಡುವ ಮುಂಚೆ ಎರಡು ಗಂಟೆ ಸಾಕು.

ನಮ್ಮ ಕೊಡಗಿನ ಕಡೆ ಪಂದಿಕರಿಗೆ, ಅಂದರೆ ಹಂದಿ ಮಾಂಸದ ಸಾರಿಗೆ, ಕಾಚಂಪುಳಿ ಅನ್ನುವ ಕಪ್ಪು ಹುಳಿ ಹಾಕುವುದು ಕೊನೆಗೆ. ಮೊದಲೇ ಹಾಕಿ ಗಂಟೆಗಟ್ಟಲೆ ಬಿಡುವುದಿಲ್ಲ. ಹುಳಿ ಜಾಸ್ತಿ ಹೊತ್ತು ಇದ್ದರೆ ಮಾಂಸದ ಮೇಲ್ಪದರ ಬೇಯಿಸಿದ ಹಾಗೆ ಬಿಳಿಚಿಕೊಂಡು ಹಿಟ್ಟು ಹಿಟ್ಟಾಗುತ್ತದೆ. ಸಿಟ್ರಿಕ್ ಆಸಿಡ್ ಹಾಕಿ ತಿಂಗಳುಗಟ್ಟಲೆ ಇಟ್ಟ ಪ್ಯಾಕ್ ಯೋಚನೆ ಮಾಡಿ. ಮೇಲೆ ಹಿಟ್ಟು, ಒಳಗೆ ರಬ್ಬರ್.

ಪಿಜಿ ಪಾಕಶಾಲೆ
ಎಲ್ಲರೂ ಸೇರಿ ಪ್ಯಾಕ್‌ಗೆ ಹೊಡೆಯುತ್ತಿದ್ದೀರಿ. ನಾನು ಅದರ ಪರ.

ನಾನು ಮಡಿವಾಳದ ರೂಮಿನಲ್ಲಿ ಇರುವವನು. ಮಿಕ್ಸಿ ಇಲ್ಲ. ಶುಂಠಿ ಬೆಳ್ಳುಳ್ಳಿ ಜಜ್ಜಲು ಸ್ಟೀಲ್ ಲೋಟದ ತಳ. ರಾತ್ರಿ ಎಂಟೂವರೆಗೆ ಆಫೀಸ್ ಬಸ್ ಇಳಿದ ಮೇಲೆ ಶಿವಾಜಿನಗರಕ್ಕೆ ಹೋಗಿ ಅಂಡರ್‌ಕಟ್ ಹುಡುಕಲೇ? ಸೂಪರ್‌ಮಾರ್ಕೆಟ್‌ನಲ್ಲಿ ಆ ಹೊತ್ತಿಗೆ ಮರುದಿನ ಕೊನೆ ತಾರೀಕು ಇರುವ ಪ್ಯಾಕ್‌ಗಳಿಗೆ ಅರ್ಧ ರೇಟಿನ ಹಳದಿ ಚೀಟಿ ಅಂಟಿಸುತ್ತಾರೆ. ನನಗೆ ಅದೇ ಹಬ್ಬ. ಆದರೆ ನಾನು ಅದನ್ನು ದಪ್ಪಗೆ ಸುಡುವುದಿಲ್ಲ. ಅರ್ಧ ಕರಗಿರುವಾಗಲೇ ಚಾಕುವಿನಿಂದ ನಾರಿಗೆ ಅಡ್ಡವಾಗಿ ಕಾಗದದಷ್ಟು ತೆಳ್ಳಗೆ ಸೀಳುತ್ತೇನೆ. ಗಟ್ಟಿ ಇರುವಾಗಲೇ ತೆಳ್ಳಗೆ ಬರುವುದು. ಕಬ್ಬಿಣದ ಕಾವಲಿ ಹೊಗೆ ಬರುವಷ್ಟು ಕಾಯಿಸಿ ಎರಡು ನಿಮಿಷ. ಈರುಳ್ಳಿ, ಎರಡು ಪರೋಟ. ಮುಗಿಯಿತು.

ಅಕ್ಕ, ಉಳಿದ ಪ್ಯಾಕ್‌ಗೆ ನನ್ನ ಸಲಹೆ ಇದೇ.

ಶಿವಾಜಿನಗರದವನು
ಇದು ಸರಿ. ನಮ್ಮ ಕಡೆ ರಂಜಾನ್ ಸಂಜೆ ಕೆಂಡದ ಮೇಲೆ ಸುಡುವ ಫಾಲ್ ಕೂಡ ತೆಳ್ಳನೆ ಸೀಳೇ. ಯಾರೂ ಇಟ್ಟಿಗೆ ಗಾತ್ರದ ತುಂಡು ಸುಡುವುದಿಲ್ಲ. ಸೀಕ್ ಕಬಾಬ್‌ಗೆ ಖೀಮಾ ಮಾಡುವುದೂ ಅದಕ್ಕೇ. ಗಟ್ಟಿ ಮಾಂಸ ಅಂತ ಗೊತ್ತಿರುವ ಊರು ಅದಕ್ಕೆ ತಕ್ಕ ಹಾಗೆ ಅಡುಗೆ ಕಲಿತಿದೆ.

ಲೇಬಲ್ ಓದುವವಳು
ಹಳದಿ ಚೀಟಿ ಪ್ಯಾಕ್ ತರುವ ತಮ್ಮನಿಗೆ ಎರಡು ಮಾತು. ಪ್ಯಾಕ್ ಊದಿಕೊಂಡಿದ್ದರೆ ಅರ್ಧ ಅಲ್ಲ, ಪುಕ್ಕಟೆ ಕೊಟ್ಟರೂ ಬೇಡ. ಮತ್ತೆ, ಮಸಾಲೆ ಹಚ್ಚದ ಮಾಂಸ ಹಳೆಯದಾದರೆ ಬಣ್ಣ, ವಾಸನೆ ಹೇಳಿಬಿಡುತ್ತವೆ. ಮಸಾಲೆ ಹಚ್ಚಿದ್ದರಲ್ಲಿ ಎರಡೂ ಮುಚ್ಚಿಹೋಗುತ್ತವೆ. ಅಲ್ಲಿ ನಿಮಗೆ ತಾರೀಕು ಒಂದೇ ಗತಿ. ಹಾಗಾಗಿ ತಾರೀಕು ಅಳಿಸಿದ್ದರೆ, ಚೀಟಿ ಮೇಲೆ ಚೀಟಿ ಅಂಟಿಸಿದ್ದರೆ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಲೈಸೆನ್ಸಿನ 14 ಅಂಕಿ ಇಲ್ಲದಿದ್ದರೆ ಮುಟ್ಟಬೇಡಿ. ಫ್ರೀಜರ್‌ನಲ್ಲಿ ಪ್ಯಾಕ್ ಒಳಗೆ ಐಸ್ ಹರಳು ಜಾಸ್ತಿ ಕಟ್ಟಿದ್ದರೆ ಒಂದು ಸಲ ಕರಗಿ ಮತ್ತೆ ಗಟ್ಟಿಯಾಗಿರುವ ಸಾಧ್ಯತೆ ಇದೆ. ಕರೆಂಟ್ ಹೋದಾಗ ಚಿಕ್ಕ ಅಂಗಡಿಗಳಲ್ಲಿ ಏನಾಗುತ್ತದೆ ಗೊತ್ತಲ್ಲ.

ಪ್ಯಾಕ್‌ನಲ್ಲಿ ಉಳಿದ ಕೆಂಪು ರಸವನ್ನು ಸುಡುವಾಗ ಬ್ರಷ್‌ನಿಂದ ಹಚ್ಚುತ್ತಾರಲ್ಲ, ಅದನ್ನು ನೋಡಿದರೆ ನನಗೆ ಮೈ ಜುಂ ಅನ್ನುತ್ತದೆ. ಅದು ಹಸಿ ಮಾಂಸದ ನೀರು. ಚೆನ್ನಾಗಿ ಕುದಿಸಿ ಆಮೇಲೆ ಹಚ್ಚಿ. ಹಸಿ ಮಾಂಸ ತಂದ ತಟ್ಟೆಗೇ ಸುಟ್ಟದ್ದನ್ನು ವಾಪಸ್ ಹಾಕುವುದೂ ಅದೇ ತಪ್ಪು.

ಉರ್ವದ ಹುಡುಗಿ
ಮಾರಾಯ್ರೆ, ಪಪ್ಪಾಯಿ ಯಾರೂ ಹೇಳಲಿಲ್ಲವಲ್ಲ! ನಾನು ಹೇಳುತ್ತೇನೆ, ಯಾಕಂದರೆ ನಾನು ಅದರಲ್ಲಿ ಮಾನ ಕಳೆದುಕೊಂಡವಳು.

ಲಿಂಗರಾಜಪುರಕ್ಕೆ ಬಂದ ಹೊಸತು. ಗಂಡನ ಸ್ನೇಹಿತರು ಬರುತ್ತಾರೆ ಅಂತ ಒಂದು ಕೆಜಿಗೆ ಅರ್ಧ ಪಪ್ಪಾಯಿಕಾಯಿ ಸಿಪ್ಪೆ ಸಮೇತ ರುಬ್ಬಿ ಹಚ್ಚಿದೆ. ಜಾಸ್ತಿ ಹೊತ್ತು ಇದ್ದರೆ ಜಾಸ್ತಿ ಮೆದು ಅಂದುಕೊಂಡು ರಾತ್ರಿಯಿಡೀ ಬಿಟ್ಟೆ. ಮಾರನೇ ದಿನ ಕಂಬಿಗೆ ಚುಚ್ಚಲು ಹೋದರೆ ತುಂಡು ನಿಲ್ಲುತ್ತಿಲ್ಲ, ಜಾರಿ ಕೆಂಡಕ್ಕೆ ಬೀಳುತ್ತಿದೆ. ಕೊನೆಗೆ ಎಲ್ಲ ಬಾಣಲೆಗೆ ಸುರಿದು ಉಪ್ಪಿಟ್ಟಿನ ಹಾಗೆ ಕೆದಕಿ ಬಡಿಸಿದೆ. ಒಬ್ಬರು 'ಇದು ಮಂಗಳೂರು ಸ್ಪೆಷಲ್ಲಾ?' ಅಂತ ಕೇಳಿದರು. ಹೌದು ಅಂದೆ.

ಈಗ ಕೆಜಿಗೆ ಒಂದು ದೊಡ್ಡ ಚಮಚ, ಎರಡು ಗಂಟೆ, ಅಷ್ಟೇ. ಪಪ್ಪಾಯಿ ಕಾಯಿಯ ಹಾಲಿನಲ್ಲಿರುವ ಪಪೇನ್ ಫ್ರಿಜ್‌ನಲ್ಲಿ ನಿಧಾನ, ಬಿಸಿ ಏರಿದ ಹಾಗೆ ಚುರುಕು. 60 ಡಿಗ್ರಿ ದಾಟಿದಾಗ ಅದರ ಆಟ ಜೋರು. ಅಂದರೆ ಕೆಂಡದ ಮೇಲೆ ಇಟ್ಟ ಮೇಲೂ ಸ್ವಲ್ಪ ಹೊತ್ತು ಅದು ಕೆಲಸ ಮಾಡುತ್ತಲೇ ಇರುತ್ತದೆ. ಹಾಗಾಗಿ ಕಮ್ಮಿಯೇ ಸಾಕು.

ಆದರೆ ನಿಜ ಹೇಳಬೇಕಾ? ತೊಡೆ ಮಾಂಸಕ್ಕೆ ನಮ್ಮ ಅತ್ತೆಯ ಉಪಾಯವೇ ಮೇಲು. ಮೊದಲು ಕುಕ್ಕರ್. ಉಪ್ಪು, ಶುಂಠಿ, ಒಂದು ಲೋಟ ನೀರು. ನಾಲ್ಕು ಕೂಗು, ಆಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಆರಿದ ಮೇಲೆ ಮಸಾಲೆ ಹಚ್ಚಿ, ಕೆಂಡದ ಮೇಲೆ ಬರೀ ಬಣ್ಣ ಬರುವವರೆಗೆ. ಕುಕ್ಕರಿನ ನೀರು ಚೆಲ್ಲಬೇಡಿ, ರಾತ್ರಿ ಸಾರಿಗೆ ಬೇಕು.

ವೈಟ್‌ಫೀಲ್ಡ್‌ಗೆ ವಾಪಸ್
ಕುಕ್ಕರ್‌ಗೆ ಹಾಕಿದರೆ ಅದು ಗ್ರಿಲ್ ಹೇಗಾಯಿತು?

ಉರ್ವದ ಹುಡುಗಿ
ತಿನ್ನಲು ಆದರೆ ಗ್ರಿಲ್, ಆಗದಿದ್ದರೆ ನಿಮ್ಮ ರಬ್ಬರ್.

ಲೇಬಲ್ ಓದುವವಳು
ಅತ್ತೆಯ ಲೆಕ್ಕ ಸರಿಯಾಗಿದೆ. ವಯಸ್ಸಾದ ಪ್ರಾಣಿಯ ಮಾಂಸದಲ್ಲಿ ನಾರನ್ನು ಕಟ್ಟಿಹಾಕುವ ಕೊಲಾಜೆನ್ ಗಟ್ಟಿಯಾಗಿ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಅದು ಕರಗಲು 70 ಡಿಗ್ರಿಗಿಂತ ಜಾಸ್ತಿ ಬಿಸಿ, ನೀರಿನ ಅಂಶ, ಸಾಕಷ್ಟು ಸಮಯ, ಮೂರೂ ಬೇಕು. ಕೆಂಡದಲ್ಲಿ ಬಿಸಿ ಮಾತ್ರ ಇದೆ, ಉಳಿದೆರಡು ಇಲ್ಲ. ಕುಕ್ಕರ್‌ನಲ್ಲಿ ಒತ್ತಡದಿಂದ ನೀರು 100 ಡಿಗ್ರಿ ದಾಟುವುದರಿಂದ ಮೂರು ಗಂಟೆಯ ಕೆಲಸ ಅರ್ಧ ಗಂಟೆಯಲ್ಲಿ ಆಗುತ್ತದೆ. ಪಪ್ಪಾಯಿ, ಮೊಸರು, ವಿನೆಗರ್ ಎಲ್ಲ ಮೇಲಿನ ಪದರಕ್ಕಷ್ಟೇ.

ಗುಲಾಬಿ ಬಣ್ಣದ ವಿಷಯಕ್ಕೆ ಬಂದರೆ, ಅಮೆರಿಕದ ಕೃಷಿ ಇಲಾಖೆ ಇಡೀ ಬೀಫ್ ತುಂಡಿಗೆ ಹೇಳುವುದು 63 ಡಿಗ್ರಿ, ಆಮೇಲೆ ಮೂರು ನಿಮಿಷ ಹಾಗೇ ಬಿಡಬೇಕು. ಕೊಚ್ಚಿದ್ದಕ್ಕೆ 71, ಕೋಳಿಗೆ 74. ಇಡೀ ತುಂಡಿಗೆ ಕಮ್ಮಿ ಯಾಕೆ ಅಂದರೆ ಕೀಟಾಣು ಹೊರಗಿನ ಮೈಮೇಲೆ ಇರುತ್ತದೆ, ಒಳಗಲ್ಲ. ಸೂಜಿ ಚುಚ್ಚಿ ಮಸಾಲೆ ನೀರು ತುಂಬಿದ ಪ್ಯಾಕ್‌ನಲ್ಲಿ ಹೊರಗಿನದು ಒಳಗೆ ಹೋಗಿರಬಹುದು. ನಮ್ಮಲ್ಲಿ ಚುಚ್ಚಿದ್ದಾರೋ ಇಲ್ಲವೋ ನೋಡಿದರೆ ಗೊತ್ತಾಗುವುದಿಲ್ಲ. ಹಾಗಾಗಿ ಪ್ಯಾಕ್ ಆದರೆ ಪೂರ್ತಿ ಬೇಯಿಸಿ. ಮನೆಯಲ್ಲಿ ಬಸುರಿ, ಚಿಕ್ಕ ಮಕ್ಕಳು ಇದ್ದರಂತೂ ಬೇರೆ ಮಾತೇ ಇಲ್ಲ.

ಕಮ್ಮನಹಳ್ಳಿ ತಾರಸಿ
ಇಷ್ಟೆಲ್ಲ ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ. ಉಳಿದ ಪ್ಯಾಕ್ ರಾತ್ರಿ ಫ್ರಿಜ್‌ಗೆ ಇಳಿಸಿದೆ. ಬೆಳಿಗ್ಗೆ ಮಗನ ಕಾಫಿ ತೂಗುವ ಪುಟ್ಟ ತಕ್ಕಡಿ ತಗೊಂಡೆ.

ಪ್ಯಾಕ್ ಮೇಲೆ 500 ಗ್ರಾಂ. ಪಾತ್ರೆಯ ಮೇಲೆ ಅಕ್ಕಿ ಜರಡಿ ಇಟ್ಟು ಎಲ್ಲ ಸುರಿದೆ. ಇಪ್ಪತ್ತು ನಿಮಿಷ ಕಾಫಿ ಕುಡಿಯುತ್ತಾ ಕಾದೆ. ತೊಟ್ಟು ತೊಟ್ಟಾಗಿ ಇಳಿದ ರಸ 68 ಗ್ರಾಂ. ಆಮೇಲೆ ಒಂದೊಂದೇ ತುಂಡು ತೆಗೆದು ಟಿಶ್ಯೂನಿಂದ ಒರೆಸಿದೆ. ಒರೆಸಿದ ಮೇಲೆ ನೋಡಬೇಕಿತ್ತು ನೀವು. ಮಸಾಲೆ ಕೆಳಗೆ ಮೂರು ತುಂಡು ಇತ್ತು, ಮೂರೂ ಬೇರೆ ಬೇರೆ ಭಾಗದ್ದು. ಒಂದರ ನಾರು ಉದ್ದಕ್ಕೆ, ಇನ್ನೊಂದರದ್ದು ಅಡ್ಡಕ್ಕೆ. ಮೂರನೆಯದರ ನಡುವೆ ಬೆಳ್ಳಗೆ, ಬೆರಳಷ್ಟು ದಪ್ಪದ ಜವ್ವು. ರೋಸ್ಟ್ ಅಂತೆ! ಮಾಂಸ ತೂಗಿದರೆ 405 ಗ್ರಾಂ.

599ಕ್ಕೆ ಎರಡು ತಂದಿದ್ದು. ಲೆಕ್ಕ ಹಾಕಿದರೆ ಕೆಜಿ ಮಾಂಸಕ್ಕೆ ಸುಮಾರು 740 ರೂಪಾಯಿ. ಒಂದೇ ತಂದಿದ್ದರೆ 860. ಕಾಗದದ ಮೇಲೆ ಬರೆದು ಫ್ರಿಜ್‌ಗೆ ಅಂಟಿಸಿದ್ದೇನೆ.

ಮಾಂಸವನ್ನು ಪಿಜಿ ತಮ್ಮ ಹೇಳಿದ ಹಾಗೆ ತೆಳ್ಳಗೆ ಸೀಳಿ ಕಾವಲಿಗೆ ಹಾಕಿದೆ. ಸುಳ್ಳು ಹೇಳಬಾರದು, ಚೆನ್ನಾಗಿತ್ತು. ಜವ್ವಿನ ತುಂಡು ಮಾತ್ರ ಬಿಟ್ಟೆ.

ಪಿಜಿ ಪಾಕಶಾಲೆ
ನಾನು ಹೇಳಲಿಲ್ವಾ!

ಶಿವಾಜಿನಗರದವನು
ಮೂರು ಭಾಗದ ತುಂಡು ಒಂದೇ ಪ್ಯಾಕ್‌ನಲ್ಲಿ. ಇದನ್ನೇ ನಮ್ಮ ಅಪ್ಪ 'ಮಸಾಲೆಯ ಬುರ್ಖಾ' ಅನ್ನುತ್ತಿದ್ದರು. ಅಂಗಡಿಯಲ್ಲಿ ಮುಖ ನೋಡಿ ಕೊಡಲಾಗದ್ದಕ್ಕೆ ಮಸಾಲೆ ಹಚ್ಚುತ್ತಾರೆ.

ಕಾಚಂಪುಳಿ
ಕೋಳಿಗೆ ಇಷ್ಟು ತಲೆನೋವು ಇಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಪ್ಯಾಕ್ ಕೋಳಿ ಏಳೆಂಟು ವಾರ ಕೂಡ ಬದುಕಿರುವುದಿಲ್ಲ, ಗಟ್ಟಿಯಾಗಲು ಸಮಯ ಎಲ್ಲಿ? ಕಾಲಿನ ಪೀಸ್ ಪ್ಯಾಕ್ ತಂದು ಸುಟ್ಟರೆ ಯಾರ ಕೈಯಲ್ಲೂ ಹಾಳಾಗುವುದಿಲ್ಲ. ಸಕ್ಕರೆ ಮಾತ್ರ ನೋಡಿಕೊಳ್ಳಿ.

ಏಳನೇ ಮಹಡಿ
ಒಂದು ಅಡ್ಡ ಪ್ರಶ್ನೆ. ತಾರಸಿಯಲ್ಲಿ ಹೊಗೆ ಎಬ್ಬಿಸಿದ್ದಕ್ಕೆ ನಮ್ಮ ಅಸೋಸಿಯೇಷನ್‌ನವರು ನೋಟಿಸ್ ಕೊಟ್ಟಿದ್ದಾರೆ. ಹೊಗೆ ಕಮ್ಮಿ ಮಾಡುವುದು ಹೇಗೆ?

ಸಂಜೆ ಹೊಗೆ
ನನ್ನ ಹೆಸರೇ ಇದಕ್ಕೆ ಇದೆ, ಉತ್ತರ ಕೊಡಲೇಬೇಕು. ಮರದ ಇದ್ದಿಲು ಬಿಟ್ಟು ತೆಂಗಿನ ಚಿಪ್ಪಿನ ಇದ್ದಿಲು ತನ್ನಿ, ಹೊಗೆ ಕಮ್ಮಿ, ಕಾವು ಜಾಸ್ತಿ ಹೊತ್ತು. ಸೀಮೆಎಣ್ಣೆ ಸುರಿದು ಹಚ್ಚಬೇಡಿ, ವಾಸನೆ ಮಾಂಸಕ್ಕೂ ಬರುತ್ತದೆ. ಹಳೆಯ ಎಣ್ಣೆ ಡಬ್ಬದ ತಳ ಮೇಲು ಎರಡೂ ಕತ್ತರಿಸಿ ನಿಲ್ಲಿಸಿ, ಕೆಳಗೆ ಎರಡು ಹಾಳೆ ಪೇಪರ್, ಮೇಲೆ ಇದ್ದಿಲು. ಕಾಲು ಗಂಟೆಯಲ್ಲಿ ಹೊತ್ತಿಕೊಳ್ಳುತ್ತದೆ. ಮೇಲೆ ಬೂದಿ ಬೆಳ್ಳಗೆ ಕಟ್ಟುವವರೆಗೆ ಕಾಯಿರಿ. ಜನ ಕಾಯುವುದಿಲ್ಲ, ಅದೇ ಗಲಾಟೆ. ಆಮೇಲೆ ಕೆಂಡ ಎಲ್ಲ ಒಂದು ಬದಿಗೆ ತಳ್ಳಿ, ಇನ್ನೊಂದು ಬದಿ ಖಾಲಿ ಇರಲಿ. ಬಣ್ಣ ಬರಲು ಈ ಕಡೆ, ಬೇಯಲು ಆ ಕಡೆ. ಎಣ್ಣೆ ಸುರಿಯುವ ಮಸಾಲೆ ಕೆಂಡಕ್ಕೆ ಬಿದ್ದಾಗಲೇ ದಟ್ಟ ಹೊಗೆ ಬರುವುದು. ಸುಡುವ ಮುಂಚೆ ಒರೆಸಿ.

ನೋಟಿಸ್‌ಗೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ. ಕಾರ್ಯದರ್ಶಿಯನ್ನು ಊಟಕ್ಕೆ ಕರೆಯಿರಿ.

ಏಳನೇ ಮಹಡಿ
ಅವರು ಈರುಳ್ಳಿಯನ್ನೂ ತಿನ್ನುವುದಿಲ್ಲ.

ಬಸವನಗುಡಿ ಬೆಂಚು
ಹಾಗಾದರೆ ನನ್ನ ಬದನೆಕಾಯಿ ಕಳಿಸಿಕೊಡುತ್ತೇನೆ.

ಕಮ್ಮನಹಳ್ಳಿ ತಾರಸಿ
ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಈ ಸಲ ಅಮ್ಮನ ಹುಟ್ಟುಹಬ್ಬದ ನೆಪ.

ಬೆಳಿಗ್ಗೆ ಆರೂಮುಕ್ಕಾಲಿಗೆ ಶಿವಾಜಿನಗರ. ಅಂಡರ್‌ಕಟ್ ಕೇಳಿದೆ. ಅಂಗಡಿಯವರು ಒಂದು ಸಲ ನನ್ನ ಮುಖ ನೋಡಿ 'ಸ್ಟೇಕಾ, ಫ್ರೈಯಾ?' ಅಂದರು. ಸುಡಲು ಅಂದೆ. ಮೇಲಿನ ಬಿಳಿ ಪೊರೆ ತೆಗೆದು ಎರಡು ಬೆರಳು ದಪ್ಪಕ್ಕೆ ಕುಯ್ದು ಕೊಟ್ಟರು. ಮುಕ್ಕಾಲು ಕೆಜಿ ಅದು, ಒಂದು ಕೆಜಿ ಮಾಮೂಲಿ ಬೋನ್‌ಲೆಸ್. ಎರಡೂ ಸೇರಿ ನಾಲ್ಕು ಪ್ಯಾಕ್‌ನ ದುಡ್ಡಿಗಿಂತ ಕಮ್ಮಿಯೇ ಆಯಿತು.

ತಂದ ತಕ್ಷಣ ಅಂಡರ್‌ಕಟ್‌ಗೆ ಉಪ್ಪು ಹಚ್ಚಿ ಫ್ರಿಜ್‌ಗೆ. ಸಂಜೆ ನಾಲ್ಕಕ್ಕೆ ಕಾಳುಮೆಣಸು, ಶುಂಠಿ ಬೆಳ್ಳುಳ್ಳಿ, ಸ್ವಲ್ಪ ಎಣ್ಣೆ. ಪಪ್ಪಾಯಿ ಹಾಕಲಿಲ್ಲ, ಉರ್ವದ ಉಪ್ಪಿಟ್ಟು ನೆನಪಾಗಿ ಧೈರ್ಯ ಬರಲಿಲ್ಲ. ಬೋನ್‌ಲೆಸ್ ಅತ್ತೆಯ ಲೆಕ್ಕದಲ್ಲಿ ಕುಕ್ಕರ್‌ಗೆ. ಆರಿದ ಮೇಲೆ ಮನೆಯ ಮೆಣಸಿನ ಪುಡಿ, ಧನಿಯಾ, ನಿಂಬೆ, ಸಕ್ಕರೆ ಇಲ್ಲ.

ಕೆಂಡ ಒಂದು ಬದಿಗೆ. ಅಂಡರ್‌ಕಟ್ ಜೋರು ಕಡೆ ಒಂದೊಂದು ಮಗ್ಗುಲಿಗೆ ಎರಡು ನಿಮಿಷ, ಆಮೇಲೆ ಖಾಲಿ ಕಡೆ ಮುಚ್ಚಿಟ್ಟೆ. ತೆಗೆದು ಐದು ನಿಮಿಷ ಮುಟ್ಟಲಿಲ್ಲ. ತಮ್ಮ ಎರಡು ಸಲ ಕೈ ಹಾಕಲು ಬಂದ, ಓಡಿಸಿದೆ. ನಾರಿಗೆ ಅಡ್ಡವಾಗಿ ಕುಯ್ದಾಗ ಚಾಕು ಹಾಗೇ ಇಳಿಯಿತು.

ಆದರೆ ಮೊದಲು ಖಾಲಿ ಆಗಿದ್ದು ಕುಕ್ಕರಿನದ್ದು. ದೊಡ್ಡಪ್ಪ ಅದನ್ನೇ ಮೂರು ಸಲ ಹಾಕಿಸಿಕೊಂಡರು. ಅಂಡರ್‌ಕಟ್ ಬಗ್ಗೆ 'ಮೆತ್ತಗಿದೆ, ಆದರೆ ಅಗಿಯಲು ಏನೂ ಇಲ್ಲವಲ್ಲ' ಅಂದರು. ಬೆಳಿಗ್ಗೆ ಕರಿಬೇವಿನ ಕುಂಡ ನೋಡಿದೆ, ಮಣ್ಣು ಬಿಟ್ಟರೆ ಏನೂ ಇರಲಿಲ್ಲ.

ಉರ್ವದ ಹುಡುಗಿ
ಅತ್ತೆಗೆ ಓದಿ ಹೇಳಿದೆ. 'ಕುಕ್ಕರಿನ ನೀರು ಏನು ಮಾಡಿದಳು ಕೇಳು' ಅಂತಿದ್ದಾರೆ.

ಕಮ್ಮನಹಳ್ಳಿ ತಾರಸಿ
ಅಯ್ಯೋ. ಸಿಂಕ್‌ಗೆ ಹೋಯಿತು.